ಸ್ಪಷ್ಟನೆ: ಮನೆಯಲ್ಲಿ ಮಾಂಟೆಸ್ಸರಿಗೆ ದುಬಾರಿ ಕಿಟ್ ಬೇಕಿಲ್ಲ

ಮಾಂಟೆಸ್ಸರಿ ಎಂದರೆ ಮಗು ತನ್ನ ಕೈಯಾರೆ ಮಾಡಿ ಕಲಿಯುವ ಶಿಕ್ಷಣ ಪದ್ಧತಿ. ‘ಮರದ ಮಾಂಟೆಸ್ಸರಿ ಕಿಟ್ ಪೂರ್ತಿ ಕೊಳ್ಳದಿದ್ದರೆ ಮನೆಯಲ್ಲಿ ಮಾಡಿಸುವ ಚಟುವಟಿಕೆಯಿಂದ ಮಗುವಿಗೆ ಏನೂ ಪ್ರಯೋಜನವಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಇದನ್ನು ಓದಿ ಎಷ್ಟೋ ಪೋಷಕರು ಸುಮ್ನೆ ಕೊರಗುತ್ತಾರೆ, ಅದೇ ಬೇಸರ.

ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ತಮ್ಮ ಮೊದಲ ಶಾಲೆ ತೆರೆದದ್ದು ಬಡ ಕಾರ್ಮಿಕರ ಮಕ್ಕಳಿಗಾಗಿ. ಗುಲಾಬಿ ಗೋಪುರದಂಥ (ದೊಡ್ಡದರಿಂದ ಚಿಕ್ಕದಕ್ಕೆ ಒಂದರ ಮೇಲೊಂದು ಜೋಡಿಸುವ ಗುಲಾಬಿ ಬಣ್ಣದ ಮರದ ಘನಗಳು) ವಿಶೇಷ ಸಾಮಗ್ರಿಗಳು ಈ ಪದ್ಧತಿಯಲ್ಲಿ ಇವೆ, ನಿಜ. ಶಾಲೆಯಲ್ಲಿ ಅವುಗಳ ಮಹತ್ವ ದೊಡ್ಡದು. ಆದರೆ ದಿನನಿತ್ಯದ ಕೆಲಸಗಳೂ ಈ ಪದ್ಧತಿಯ ಮುಖ್ಯ ಭಾಗವೇ. ನೀರು ಸುರಿಯುವುದು, ಅಂಗಿಯ ಗುಂಡಿ ಹಾಕುವುದು, ಬಟ್ಟೆ ಮಡಚುವುದು, ನೆಲ ಒರೆಸುವುದು. ಇವಕ್ಕೆ ಬೇಕಾದದ್ದು ಮನೆಯಲ್ಲೇ ಇದೆ ಅಲ್ವಾ?

ಪುಟ್ಟ ಜಗ್ಗಿನಲ್ಲಿ ಸ್ವಲ್ಪ ನೀರು, ಪಕ್ಕದಲ್ಲೊಂದು ಲೋಟ, ಒರೆಸಲು ಬಟ್ಟೆ ಇಡಿ. ಜಾಸ್ತಿ ಮಾತಾಡದೆ ನಿಧಾನವಾಗಿ ಒಮ್ಮೆ ಸುರಿದು ತೋರಿಸಿ. ಆಮೇಲೆ ಮಗುವಿಗೇ ಬಿಟ್ಟುಬಿಡಿ. ಚೆಲ್ಲಿದರೆ ಬೈಯಬೇಡಿ, ತಿದ್ದಲೂ ಹೋಗಬೇಡಿ. ಚೆಲ್ಲಿದ ನೀರೇ ತಪ್ಪನ್ನು ತೋರಿಸುತ್ತದೆ. ಒರೆಸುವುದೂ ಆ ಕೆಲಸದ ಭಾಗವೇ. ಮಗು ಅದನ್ನೇ ಮತ್ತೆ ಮತ್ತೆ ಮಾಡಿದರೆ ತಡೆಯಬೇಡಿ. ಆ ಏಕಾಗ್ರತೆಯೇ ನಮಗೆ ಬೇಕಾದದ್ದು.

‘ಮಾಂಟೆಸ್ಸರಿ’ ಎಂದು ಡಬ್ಬಿಯ ಮೇಲೆ ಬರೆದಿದ್ದ ಮಾತ್ರಕ್ಕೆ ಅದು ಗುಣಮಟ್ಟದ ಗುರುತಲ್ಲ. ಎಷ್ಟೋ ತಯಾರಕರು ಆ ಹೆಸರನ್ನು ಸುಮ್ಮನೆ ಅಂಟಿಸುತ್ತಾರೆ.

ಅದೇ ಸಂದೇಶದಲ್ಲಿ ‘ಮಗುವನ್ನು ಯಾವುದಕ್ಕೂ ತಡೆಯಬಾರದು’ ಎಂದೂ ಇದೆ. ಅದೂ ತಪ್ಪು. ಯಾರಿಗೂ ನೋವಾಗದಂತೆ, ವಸ್ತು ಹಾಳಾಗದಂತೆ ಎಂಬ ಮಿತಿ ಈ ಪದ್ಧತಿಯಲ್ಲೇ ಇದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಣಿ, ಕಾಳಿನಂಥ ಸಣ್ಣ ವಸ್ತು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನೀರಿನ ಕೆಲಸವಿದ್ದಾಗ ದೊಡ್ಡವರು ಪಕ್ಕದಲ್ಲೇ ಇರಬೇಕು.