ತಾರಸಿಯ ಮೇಲೆ ನಿಂತು ನೋಡುವ ಹಬ್ಬ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ಮುಂಜಾನೆ ನಾವಿಬ್ಬರೂ ಶೂ ಕಟ್ಟಿಕೊಂಡು ಓಡಲು ಹೊರಟೆವು. ನನ್ನ ಗಂಡನ ಊರು ಹಾನಗಲ್ಲ ತಾಲೂಕಿನದು. ಧರ್ಮಾ ಕಾಲುವೆಯ ದಂಡೆಗುಂಟ ಮಣ್ಣಿನ ದಾರಿ, ಬದಿಗೆ ತೆನೆ ಬಾಗಿದ ಭತ್ತ. ಅವನು ನನಗಿಂತ ತುಸು ಮುಂದಿದ್ದ. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಎದುರು ಬಂದ ಹಿರಿಯರೊಬ್ಬರು ಅವನನ್ನು ಮಾತಾಡಿಸಿ, ಮುಂದೆ ಬಂದು, ನನ್ನ ಹತ್ತಿರ ಗಾಡಿ ನಿಲ್ಲಿಸಿದರು. ಮುಖದ ತುಂಬ ಗಾಬರಿ. "ಯಾಕವ್ವಾ, ಏನಾತು? ಯಾರಿಗೆ ಆರಾಮಿಲ್ಲ? ಕುಂದರು, ಬಿಟ್ಟು ಬರ್ತೇನಿ."

ಅವರ ಕಳಕಳಿ ಸುಳ್ಳಲ್ಲ. ಡೇರಿಗೆ ಹೊತ್ತಾಗುತ್ತಿದ್ದರೂ ನಿಂತು ಕೇಳಿದರು. ಆದರೂ ಆ ಮಾತು ಮನಸ್ಸಿಗೆ ನಟ್ಟಿತು. ಅದೇ ದಾರಿಯಲ್ಲಿ ಓಡುತ್ತಿದ್ದ ಗಂಡನಿಗೆ ಅವರು ಕೇಳಿದ್ದು "ಏನ್ ತಮ್ಮಾ, ಎಕ್ಸರ್‌ಸೈಜಾ?" ಅಂತ. ಗಂಡಸು ಓಡಿದರೆ ಆರೋಗ್ಯ, ಹೆಂಗಸು ಓಡಿದರೆ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು. ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬೈಯಲಿಲ್ಲ. ಚಹಾ ಕೊಡುತ್ತ, "ಓಡೂದಿದ್ರ ಹಿತ್ತಲದಾಗ ಓಡವ್ವ, ದೊಡ್ಡದೈತಿ" ಎಂದರು.

ನಮ್ಮ ಕಡೆ ಹೆಂಗಸರು ಬಯಲಿಗೆ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಬ್ಯಾಡಗಿ ಸೀಮೆಯ ಉರಿಬಿಸಿಲಲ್ಲಿ ಮೆಣಸಿನಕಾಯಿ ಹರಿಯುವವರು ಹೆಂಗಸರೇ. ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ನಡೆಯುವವರಲ್ಲೂ ಅವರೇ ಮುಂದು. ಆದರೆ ಹೊರಗೆ ಕಾಲಿಡಲು ಒಂದು ಕೆಲಸ ಇರಬೇಕು, ಇಲ್ಲವೇ ಒಂದು ಹರಕೆ ಇರಬೇಕು. ಬರೇ ಖುಷಿಗೆ, ಅದೂ ಗಂಡನ ಜೊತೆಗೆ, ಒಂದಿಷ್ಟು ಹೊತ್ತು ಆಡಿ ಬರುತ್ತೇನೆ ಎನ್ನುವವಳಿಗೆ ನಮ್ಮ ಊರುಗಳಲ್ಲಿ ಇನ್ನೂ ಜಾಗ ಆಗಿಲ್ಲ. ಧಾರವಾಡದಲ್ಲಿ ಬೆಳೆದ ನನಗೆ ಇದು ಹೊರದೇಶಕ್ಕೆ ಹೋಗುವ ತನಕ ಕಂಡೇ ಇರಲಿಲ್ಲ.

ನಾವಿರುವುದು ಅಮೆರಿಕದ ಮಿನೆಸೋಟದ ಮೂರ್‌ಹೆಡ್‌ನಲ್ಲಿ. ಊರಿನ ಅಂಚಿಗೆ ರೆಡ್ ರಿವರ್ ಹರಿಯುತ್ತದೆ, ಆಚೆ ದಂಡೆಗೆ ಫಾರ್ಗೊ, ಅದು ಬೇರೆ ರಾಜ್ಯ. ಸುತ್ತ ನೆಲ ನವಲಗುಂದದ ಎರೆಯಂತೆ ಕರ್ರಗೆ, ಸಪಾಟು. ಪೂರ್ವಕ್ಕೆ ಕಾರಿನಲ್ಲಿ ಒಂದು ತಾಸು ಹೋದರೆ ಡೆಟ್ರಾಯ್ಟ್ ಲೇಕ್ಸ್, ಅಲ್ಲಿಂದ ಮುಂದೆ ಕೆರೆಗಳೇ ಕೆರೆಗಳು. ಹತ್ತು ಎಕರೆಗಿಂತ ದೊಡ್ಡವನ್ನೇ ಎಣಿಸಿ ರಾಜ್ಯದಲ್ಲಿ 11,842 ಕೆರೆಗಳಿವೆ ಎನ್ನುತ್ತಾರೆ. ಹದಿನಾರು ತುಂಬಿದವರು ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು. ನಾವು ಮೊದಲ ಸಲ ತೆಗೆದುಕೊಳ್ಳಲು ಹೋದಾಗ ಕೌಂಟರಿನಲ್ಲಿದ್ದ ಹೆಣ್ಣುಮಗಳು, "ಇಬ್ಬರದೂ ಬೇರೆ ಬೇರೆ ಯಾಕೆ? ಗಂಡ ಹೆಂಡತಿಗೆ ಕೂಡಿಯೇ ಒಂದು ಲೈಸೆನ್ಸ್ ಇದೆ" ಎಂದಳು. ಆಗ ಒಬ್ಬರಿಗಾದರೆ 25 ಡಾಲರ್, ಜೋಡಿಗೆ 40 ಇತ್ತು.

ಉಳಿದ ದುಡ್ಡಿಗಿಂತ ನನ್ನನ್ನು ತಟ್ಟಿದ್ದು ಬೇರೆ. ಗಂಡ ಹೆಂಡತಿ ಕೂಡಿ ಮೀನು ಹಿಡಿಯಲು ಹೋಗುತ್ತಾರೆ ಎಂದು ಒಂದು ಸರಕಾರ ಮೊದಲೇ ಅಂದುಕೊಂಡು, ಅದಕ್ಕೊಂದು ದರ ಬರೆದಿಟ್ಟಿದೆ. ಮೇ ತಿಂಗಳಲ್ಲಿ ತಾಯಂದಿರ ದಿನದ ಶನಿವಾರ, ರವಿವಾರವಂತೂ ಆ ರಾಜ್ಯದ ತಾಯಂದಿರಿಗೆ ಲೈಸೆನ್ಸೇ ಬೇಡ. ಅಡಿಗೆಮನೆ ಬಿಟ್ಟು ಕೆರೆಗೆ ಬಾ ಎಂದು ಕರೆದ ಹಾಗೆ.

ನನ್ನ ಮೊದಲ ಮೀನು ಒಂದು ವಾಲೈ. ಅಲ್ಲಿನ ರಾಜ್ಯ ಮೀನು ಅದೇ. ಸಂಜೆಯ ಹೊತ್ತು, ಮರದ ಕಟ್ಟೆಯ ಮೇಲೆ ಕೂತಿದ್ದೆವು. ಗಾಳದ ದಾರ ಮೊದಲು ಒಂದು ಸಲ ಮೆಲ್ಲಗೆ ತಟ್ಟಿತು, ಆಮೇಲೆ ಕೋಲಿನ ತುದಿ ಬಾಗಿತು. ಮೇಲೆಳೆದಾಗ ಅದರ ಕಣ್ಣು ಟಾರ್ಚಿನ ಬೆಳಕಿಗೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು. ಕತ್ತಲಲ್ಲೂ ಬೇಟೆ ಕಾಣಲೆಂದು ಆ ಕಣ್ಣಿನ ಹಿಂದೆ ಬೆಳಕನ್ನು ಮರಳಿ ಒಗೆಯುವ ಪೊರೆ ಇರುತ್ತದಂತೆ. ಬೆನ್ನ ರೆಕ್ಕೆಯ ಮುಳ್ಳು ಅಂಗೈಗೆ ಚುಚ್ಚುತ್ತದೆ, ಹಿಡಿಯುವಾಗ ತಲೆಯ ಕಡೆಯಿಂದ ಕೈ ಹಿಂದಕ್ಕೆ ಸವರಿ ಮುಳ್ಳು ಮಲಗಿಸಬೇಕು. ಪಕ್ಕದಲ್ಲಿ ಗಾಳ ಹಾಕಿಕೊಂಡಿದ್ದ ಅಜ್ಜಿಯೊಬ್ಬರು ಅದನ್ನು ಕೈ ಹಿಡಿದು ಕಲಿಸಿದರು. ಅಳೆಯುವ ಪಟ್ಟಿಯನ್ನೂ ಅವರೇ ಕೊಟ್ಟರು, ಇಪ್ಪತ್ತು ಇಂಚಿಗಿಂತ ಉದ್ದದ ವಾಲೈ ಒಬ್ಬರು ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ಆ ಅಜ್ಜಿಯ ಹತ್ತಿರ ಬಂದು ಯಾವ ಹುಳ ಹಾಕಿದ್ದೀರಿ ಎಂದು ಕೇಳಿದ. ಅಜ್ಜಿ ಅಲ್ಲಿ ಯಾಕೆ ಕೂತಿದ್ದಾರೆ ಎಂದು ಯಾರೂ ಕೇಳಲಿಲ್ಲ.

ನಮ್ಮೂರ ಕೆರೆಗಳ ಮೀನು ಗುತ್ತಿಗೆಗೆ ಹೋಗುತ್ತದೆ. ಮೀನುಗಾರರ ಸಂಘದವರೋ ಹರಾಜು ಹಿಡಿದವರೋ ಕಾಟ್ಲಾ, ರೋಹು ಮರಿ ಬಿಟ್ಟು ಬೆಳೆಸುತ್ತಾರೆ, ಅದು ಅವರ ಅನ್ನ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ದೀಪಾವಳಿಯಲ್ಲೇ ಒಂದು ಕೆರೆಯ ಏರಿ ಮೇಲೆ ಹೋಗಿ, ರೊಕ್ಕ ಕೊಡುತ್ತೇವೆ, ಒಂದು ತಾಸು ಗಾಳ ಹಾಕಲೇ ಎಂದು ಕೇಳಿದೆವು. ಕಾಯುವವನು ನನ್ನ ಗಂಡನಿಗೆ, "ನೀವು ಬೇಕಾದ್ರ ನಾಳೆ ಬರ್ರಿ, ಅಕ್ಕಾರ್ನ ಯಾಕ ಕರಕೊಂಡ ಬಂದ್ರಿ ಇಲ್ಲಿಗೆ?" ಎಂದ. ಮಾತಿನಲ್ಲಿ ಒರಟುತನ ಇರಲಿಲ್ಲ. ಅದು ಹೆಂಗಸರು ಬರುವ ಜಾಗವಲ್ಲ ಎಂಬುದು ಅವನಿಗೆ ಹೊತ್ತು ಮೂಡುವಷ್ಟೇ ಖಾತ್ರಿಯಾಗಿತ್ತು.

ಸೊರಬ, ಆನವಟ್ಟಿ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆರೆಬೇಟೆ ನಡೆಯುತ್ತದೆ. ಒಂದೊಂದು ಕೂಣಿಗೆ, ಅಂದರೆ ಮೀನು ಹಿಡಿಯುವ ಬಿದಿರ ಬುಟ್ಟಿಗೆ, ಇಷ್ಟು ಎಂದು ಊರವರು ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ಅದು ಊರ ಕೆಲಸಕ್ಕೋ ದೇವಸ್ಥಾನಕ್ಕೋ ಹೋಗುತ್ತದೆ. ಕೂಗು ಕೊಟ್ಟ ಕೂಡಲೇ ನೂರಾರು ಜನ ಬಿದಿರ ಕೂಣಿ ಹಿಡಿದು ಕೆಸರಿಗೆ ನುಗ್ಗುತ್ತಾರೆ. ಕೂಣಿ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯಬೇಕು. ನನ್ನ ಗಂಡ ಸಣ್ಣವನಿದ್ದಾಗ ಸೋದರಮಾವನ ಹೆಗಲ ಮೇಲೆ ಕೂತು ಅದನ್ನು ನೋಡಿದವನು, ಇವತ್ತಿಗೂ ಆ ಗದ್ದಲ ನೆನೆದರೆ ಅವನ ಮುಖ ಅರಳುತ್ತದೆ. ಅವನ ಅತ್ತೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ಏರಿ ಮೇಲೆ ಬುಟ್ಟಿ ಹಿಡಿದು ನಿಂತಿದ್ದರಂತೆ.

ಹಬ್ಬಗಳಲ್ಲೂ ಇದೇ. ಮೂರ್‌ಹೆಡ್‌ಗೆ ಹತ್ತಿರ ಬಾರ್ನ್ಸ್‌ವಿಲ್ ಎಂಬ ಸಣ್ಣ ಊರಿದೆ. ಆಗಸ್ಟ್ ಕೊನೆಗೆ ಅಲ್ಲಿ ಆಲೂಗಡ್ಡೆ ಹಬ್ಬ. ಆಲೂಗಡ್ಡೆ ಆರಿಸುವ ಪಂದ್ಯ, ಸಿಪ್ಪೆ ಸುಲಿಯುವ ಪಂದ್ಯ, ಬೇಯಿಸಿ ಹಿಸುಕಿದ ಆಲೂಗಡ್ಡೆಯ ರಾಡಿಯೊಳಗೆ ಕುಸ್ತಿ. ಗಂಡ ಹೆಂಡತಿ, ಅಪ್ಪ ಮಗಳು, ಮುದುಕರು ಎಲ್ಲ ಇಳಿಯುತ್ತಾರೆ. ಇಂಥ ಸಣ್ಣ ಊರುಗಳ ಹಬ್ಬವೆಂದರೆ ಮುಂಜಾನೆ ಒಂದು ಐದು ಕಿಲೋಮೀಟರ್ ಓಟವೂ ಇರುತ್ತದೆ. ಮಗುವಿನ ಗಾಡಿ ತಳ್ಳಿಕೊಂಡು ಓಡುವ ತಾಯಂದಿರು, ಕೊನೆಗೆ ಏದುಸಿರು ಬಿಡುತ್ತ ಬರುವ ದಪ್ಪ ಅಜ್ಜಂದಿರು. ಕೊನೆಯವರಿಗೂ ಚಪ್ಪಾಳೆ. ಅಲ್ಲಿ ನೋಡುವವರಿಗಿಂತ ಆಡುವವರೇ ಹೆಚ್ಚು ಎಂದು ನನಗೆ ಅನಿಸಿದ್ದಿದೆ.

ನಮ್ಮ ಹೋರಿ ಹಬ್ಬದ ಸೊಬಗಿನ ಮುಂದೆ ಆಲೂಗಡ್ಡೆ ಏನೂ ಅಲ್ಲ. ಕೊಂಬಿಗೆ ಬಣ್ಣ, ಬಲೂನು, ಮೈಮೇಲೆ ಜೂಲ, ಕೊರಳ ತುಂಬ ಕೊಬ್ಬರಿ ಹಾರ. ಹೋರಿ ಬಿಟ್ಟ ಕೂಡಲೇ ಓಣಿಯ ಎರಡೂ ಬದಿಯ ಜನ ಸೀಳಿಕೊಂಡು ದಾರಿಯಾಗುತ್ತದೆ, ನೆಲ ನಡುಗುತ್ತದೆ, ಯಾರೋ ಒಬ್ಬ ಹಾರಕ್ಕೆ ಕೈ ಹಾಕಿ ಹತ್ತು ಹೆಜ್ಜೆ ಎಳೆದೊಯ್ಯಿಸಿಕೊಂಡು ಕೊಬ್ಬರಿ ಗಿಟುಕು ಕಿತ್ತು ಏಳುತ್ತಾನೆ. ಮೈ ಜುಂ ಎನ್ನುತ್ತದೆ. ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಅದು ರಕ್ತದಲ್ಲೇ ಇದೆ. ನಾನು ಅದನ್ನು ನೋಡಿದ್ದು ಯಾರದೋ ತಾರಸಿಯ ಮೇಲೆ ನಿಂತು, ಓಣಿಯ ಇಪ್ಪತ್ತು ಮೂವತ್ತು ಹೆಂಗಸರ ನಡುವೆ. ಹೋರಿಗೆ ವರ್ಷವಿಡೀ ಹುಲ್ಲು, ಹಿಂಡಿ ಹಾಕಿದವಳು, ಮೈ ತೊಳೆದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಹೋರಿ ಅಖಾಡ ದಾಟಿದಾಗ ಕೇಕೆ ಹಾಕಿದವರು ಕೆಳಗಿದ್ದ ಗಂಡಸರು, ಹಾರ ಬಿದ್ದದ್ದು ಅವಳ ಮೈದುನನ ಕೊರಳಿಗೆ. ಕೊಂಬಿನ ಮುಂದೆ ನನ್ನನ್ನು ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ, ಗಂಡಸರೂ ಅಲ್ಲಿ ತಿವಿಸಿಕೊಳ್ಳುತ್ತಾರೆ. ಅವಳೇ ಹಗ್ಗ ಹಿಡಿದು ಅಖಾಡದ ತನಕ ನಡೆಸಿಕೊಂಡು ಹೋದರೆ ಹಬ್ಬಕ್ಕೆ ಏನು ಕಡಿಮೆಯಾಗುತ್ತಿತ್ತು?

ಪಂಚಮಿಗೆ ನಮಗೆ ಜೋಕಾಲಿ ಇದೆಯಲ್ಲ ಎಂದು ನನ್ನ ತಂಗಿ ಫೋನಿನಲ್ಲಿ ವಾದ ಮಾಡಿದಳು. ಇದೆ. ಆಲದ ಟೊಂಗೆಗೆ ಕಟ್ಟಿದ ಜೋಕಾಲಿಯಲ್ಲಿ ಎದುರುಬದುರು ನಿಂತು ಜೀಕಿ, ಎಲೆ ಕಚ್ಚಿ ಬರುತ್ತಿದ್ದ ಹುಡುಗಿಯರನ್ನು ನಾನೂ ನೋಡಿದ್ದೇನೆ. ಆದರೆ ಅದೇ ದಿನ ಗಂಡುಹುಡುಗರು ನಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟಿ ಮುಂದಿನ ಊರಿನ ತನಕ ಹೋಗುತ್ತಿದ್ದರು, ನಾವು ಹೋದಷ್ಟೇ ದೂರ ಮರಳಿ ಬರುತ್ತಿದ್ದೆವು. ಅದೂ ತವರಿನಲ್ಲಿ ಮಾತ್ರ. ಗಂಡನ ಮನೆಯ ಊರಲ್ಲಿ, ಗಂಡನ ಎದುರಿಗೆ ಜೀಕುವ ಸೊಸೆಯನ್ನು ನಾನು ಕಂಡಿಲ್ಲ.

ಈ ಎಲ್ಲ ಮಾತಿಗೆ ನನ್ನ ಗಂಡ ಎದುರು ಹೇಳುವುದು ಒಂದಿದೆ, ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅಮೆರಿಕದಲ್ಲೂ ಇದು ಮೊದಲಿನಿಂದ ಹೀಗಿರಲಿಲ್ಲ. 1967ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡುತ್ತಿದ್ದ ಕ್ಯಾಥರೀನ್ ಸ್ವಿಟ್ಜರ್ ಎಂಬಾಕೆಯನ್ನು ಅಧಿಕಾರಿಯೊಬ್ಬ ಓಟದ ನಡುವೆಯೇ ಹಿಡಿದೆಳೆದು ನಂಬರು ಕೀಳಲು ನೋಡಿದ. ಅಲ್ಲಿ ಹೆಂಗಸರಿಗೆ ಅಧಿಕೃತವಾಗಿ ಓಡಲು ಬಿಟ್ಟದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ನಮ್ಮ ಊರಿಗೂ ಹೊತ್ತು ಕೊಡು ಎನ್ನುತ್ತಾನೆ. ಧಾರವಾಡದಲ್ಲಿ ಆ ಹೊತ್ತು ಬಂದೇ ಬಿಟ್ಟಿದೆ ಎಂಬುದನ್ನು ಒಪ್ಪಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಗಿಡಗಳ ನೆರಳಿನ ರಸ್ತೆಯಲ್ಲಿ, ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಮುಂಜಾನೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಶೂ ಹಾಕಿ ಬಿರುಸಾಗಿ ನಡೆಯುವ ಹೆಂಗಸರಿದ್ದಾರೆ, ಓಡುವ ಹುಡುಗಿಯರೂ ಇದ್ದಾರೆ. ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಸಿಟ್ಟು ಹಳ್ಳಿಯ ಕಾಲುವೆ ದಂಡೆಯದು.

ಇನ್ನೂ ಒಂದು ಇದೆ. ಬಾರ್ನ್ಸ್‌ವಿಲ್‌ನಲ್ಲಿ ಓಡಿದವರು ಫೀ ಕಟ್ಟಿ ಓಡುತ್ತಾರೆ, ತಿನ್ನುವವರು ದುಡ್ಡು ಕೊಟ್ಟು ತಿನ್ನುತ್ತಾರೆ, ಸಂಜೆ ಕುರ್ಚಿ ಮಡಚಿ ಎಲ್ಲರೂ ಅವರವರ ಮನೆಗೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಗೆ ಬಂದವನು ಯಾರು, ಎಲ್ಲಿಯವನು ಎಂದು ಕೇಳದೆ ಎಲೆ ಹಾಕಿದ ಪಂಗ್ತಿಯಲ್ಲಿ ಕೂತು ಉಂಡವಳು ನಾನು. ಆ ಹೊಟ್ಟೆತುಂಬುವ ಹಬ್ಬ ನನಗೆ ಅಲ್ಲಿ ಎಲ್ಲೂ ಸಿಕ್ಕಿಲ್ಲ.

ಗಾಳದ ವಿಷಯದಲ್ಲಂತೂ ನಮ್ಮವ್ವ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಡಲಾಗಿಲ್ಲ. ನಮ್ಮ ಮನೆಯಲ್ಲಿ ಮೀನು ಒಲೆ ಹತ್ತಿದ್ದಿಲ್ಲ, ಹಿಡಿದ ಮೀನನ್ನು ನಾನು ನೀರಿಗೇ ಬಿಡುತ್ತೇನೆ. "ತಿನ್ನಾವ್ರು ಹಿಡದ್ರ ಹಸಿವಿ ಅನ್ನಬಹುದು. ನೀ ತಿನ್ನೂದಿಲ್ಲ, ಮತ್ಯಾಕ ಅದರ ಬಾಯಿ ಹರೀತಿ?" ಎಂದಳು. ಮೂರ್‌ಹೆಡ್‌ನಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಲ್ಲಿ ಕೆರೆಗೆ ಹೋಗುವುದೇ ಒಂದು ಕಾರಣ. ಅವ್ವನಿಗೆ ಅದು ಸಾಲುವುದಿಲ್ಲ, ಮತ್ತು ಅವಳು ಹೇಳಿದ್ದರಲ್ಲಿ ಹುರುಳಿದೆ.

ಕೊನೆಗೆ ನಮ್ಮಜ್ಜಿಯ ಮಾತು ಬಂತು. ಅಜ್ಜಿ, ಅಜ್ಜ ಭಾರತ ಹುಣ್ಣಿವಿಗೆ, ಅಂದರೆ ಮಾಘದ ಹುಣ್ಣಿವಿಗೆ, ಚಕ್ಕಡಿ ಕಟ್ಟಿ ಉಳವಿ ಜಾತ್ರೆಗೆ ಹೋಗುತ್ತಿದ್ದರು. ಧಾರವಾಡದ ಬಯಲು ಬಿಟ್ಟು ಜೋಯಿಡಾದ ಕಾಡು ಹೊಕ್ಕು, ಹಳ್ಳದ ದಂಡೆಗೆ ಎತ್ತು ಬಿಚ್ಚಿ, ಚಕ್ಕಡಿಯ ಕೆಳಗೆ ಮಲಗಿ. ರಾತ್ರಿ ಯಾವುದೋ ಕೂಗು ಕೇಳಿ ಎತ್ತು ಬೆದರಿದರೆ ಹಗ್ಗ ಹಿಡಿದು ಕೂಡುತ್ತಿದ್ದವಳು ಅಜ್ಜಿಯೇ ಎಂದು ಅವ್ವ ಹೇಳಿದಳು. ಹುಲಿಯಿರುವ ಕಾಡಿನಲ್ಲಿ, ಗಂಡನ ಜೊತೆ, ಟಾರ್ಚು ಕೂಡ ಇಲ್ಲದೆ. ಜೋಡಿಗೆ ಲೈಸೆನ್ಸ್ ಕೊಟ್ಟ ಊರಿನ ನೆರೆಹೊರೆಯವರು ಆರ್‌ವಿ ಎಂಬ ಮನೆಯಂಥ ಬಂಡಿಯಲ್ಲಿ ಫ್ರಿಜ್ಜು ಇಟ್ಟುಕೊಂಡು ಕ್ಯಾಂಪಿಗೆ ಹೋಗುವುದನ್ನು ಕಂಡ ನನಗೆ ಅಜ್ಜಿಯದು ಅದಕ್ಕಿಂತ ದೊಡ್ಡ ಸಾಹಸ ಎಂದು ಒಪ್ಪದೆ ಗತಿಯಿಲ್ಲ. ಅದಕ್ಕೂ ಒಂದು ಹರಕೆ ಬೇಕಾಗಿತ್ತು ಎಂಬುದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಹೋದ ಕಡೆಯೆಲ್ಲ ಮೂರು ಕಲ್ಲು ಹೂಡಿ ಒಲೆ ಹಚ್ಚಿದವಳೂ ಅವಳೇ.

ಬರುವ ವರ್ಷ ಭಾರತ ಹುಣ್ಣಿವಿಗೆ ರಜೆ ಹಾಕಿ ಉಳವಿಗೆ ಹೋಗಬೇಕೆಂದಿದ್ದೇವೆ. ಈಗಲೂ ನಮ್ಮ ಕಡೆಯಿಂದ ಚಕ್ಕಡಿಗಳು ಹೋಗುತ್ತವೆ. ಹರಕೆ ಏನೂ ಇಲ್ಲ, ಹೋಗುವ ಆಸೆ ಅಷ್ಟೇ. ಒಂದು ದಿನ ನಾನು ಒಲೆ ಹಚ್ಚಿದರೆ ಮರುದಿನ ಅವನು ಹಚ್ಚಬೇಕು, ಎತ್ತಿನ ಹಗ್ಗ ಇಬ್ಬರ ಕೈಗೂ ಸಮ ಬರಬೇಕು ಎಂದು ಮಾತಾಗಿದೆ. ಗಂಡ ಒಪ್ಪಿದ್ದಾನೆ. ಚಕ್ಕಡಿ ಕೊಡಬೇಕಾದ ಅವನ ಕಾಕಾ ಇನ್ನೂ ಒಪ್ಪಿಲ್ಲ.