ಕಲೋನಿಯಲ್ ಕಸಿನ್ಸ್ ಹಾಡಿದ್ದು ನಮ್ಮ ಹಾಡು ಅಂತ ನಾವೇ ಹೇಳಲಿಲ್ಲ

ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿಯ ಮೊದಲ ಆಲ್ಬಂ 'ಕಲೋನಿಯಲ್ ಕಸಿನ್ಸ್' ಬಂದಿದ್ದು 1996ರಲ್ಲಿ. ಆಗ ಬೆಂಗಳೂರಿನಲ್ಲಿ ಆ ಕ್ಯಾಸೆಟ್‌ನ 'ಕೃಷ್ಣ ನೀ ಬೇಗನೆ ಬಾರೋ' ಹಾಡಿನ ಬಗ್ಗೆ ನಾನು ಕೇಳಿದ ಜಗಳಗಳು ಇನ್ನೂ ಚೆನ್ನಾಗಿ ನೆನಪಿವೆ. ರಾಗ ಕೆಡಿಸಿದರು ಅಂತ ಒಂದು. ದೇವರನಾಮಕ್ಕೆ ಗಿಟಾರ್ ಯಾಕೆ ಅಂತ ಇನ್ನೊಂದು. ಕೃಷ್ಣನ ಜೊತೆ ಏಸು, ಅಲ್ಲಾ ಯಾಕೆ ಬಂದರು ಅಂತ ಮತ್ತೊಂದು. ಇಷ್ಟೆಲ್ಲ ಮಾತಾಡಿದ ನಾವು ಒಂದು ಮಾತು ಮಾತ್ರ ಆಡಲಿಲ್ಲ. ದೇಶದ ಉದ್ದಗಲಕ್ಕೂ ಟಿವಿಯಲ್ಲಿ ಓಡಿದ ಆ ಹಾಡು ಕನ್ನಡದ್ದು ಅನ್ನೋ ಮಾತು.

ಇವತ್ತಿಗೂ 'ಕೃಷ್ಣ ನೀ ಬೇಗನೆ ಬಾರೋ' ಕೇಳಿ ಇದು ತಮಿಳು ಅಲ್ವಾ ಅನ್ನುವವರು ಬೆಂಗಳೂರಿನಲ್ಲೇ ಸಿಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರಾದರೂ ಹೇಳಿದ್ದರೆ ತಾನೆ ಅವರಿಗೆ ಗೊತ್ತಾಗೋದು.

ಆ ಕಾಲ ನೆನಪಿರುವವರಿಗೆ ಗೊತ್ತು, ಸಿನಿಮಾ ಹಾಡಲ್ಲದ ಹಾಡಿಗೆ ಆಗ ತಾನೇ ಜಾಗ ಸಿಗುತ್ತಿತ್ತು. ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' 1995ರಲ್ಲಿ ಬಂತು. ಲಕ್ಕಿ ಅಲಿ ಅವರ 'ಸುನೋ' 1996ರಲ್ಲಿ. ಎಂಟಿವಿ ಇಂಡಿಯಾ ಶುರುವಾಗಿದ್ದೂ ಅದೇ ವರ್ಷ. ಮ್ಯಾಗ್ನಾಸೌಂಡ್ ಕಂಪನಿಯ ಕ್ಯಾಸೆಟ್‌ಗಳು ಬ್ರಿಗೇಡ್ ರೋಡ್ ಅಂಗಡಿಗಳಲ್ಲೂ ಸಿಗುತ್ತಿದ್ದವು, ಗಾಂಧಿ ಬಜಾರಿನಲ್ಲೂ ಸಿಗುತ್ತಿದ್ದವು. ಇದರ ಮಧ್ಯೆ ಬಂದ ಈ ಜೋಡಿ ಬೇರೆ ಥರ ಇತ್ತು. ಹರಿಹರನ್ ಗಜಲ್ ಹಾಡುವವರು, ಕರ್ನಾಟಕ ಸಂಗೀತದ ಮನೆಯಲ್ಲಿ ಬೆಳೆದವರು. 'ರೋಜಾ', 'ಬಾಂಬೆ' ಚಿತ್ರಗಳ ಹಾಡುಗಳಿಂದ ದಕ್ಷಿಣದಲ್ಲಿ ಆಗಲೇ ಹೆಸರು ಮಾಡಿದ್ದರು. ಲೆಸ್ಲಿ ಜಾಹೀರಾತಿನ ಜಿಂಗಲ್ ಮಾಡುತ್ತಿದ್ದವರು, ಗಿಟಾರ್ ಹಿಡಿದವರು. ಇಬ್ಬರೂ ಬೊಂಬಾಯಿಯವರು. ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಹಾಡಿದ ಮೊದಲ ಭಾರತೀಯರೂ ಇವರೇ.

ಈಗ ಆ ಹಾಡಿಗೆ ಬರೋಣ. 'ಕೃಷ್ಣ ನೀ ಬೇಗನೆ ಬಾರೋ' ವ್ಯಾಸರಾಯರ ರಚನೆ. ನಮ್ಮ ಮೈಸೂರು ಸೀಮೆಯ ಬನ್ನೂರಿನಲ್ಲಿ ಹುಟ್ಟಿದವರು. ವಿಜಯನಗರದಲ್ಲಿ ಕೃಷ್ಣದೇವರಾಯ ಗುರು ಅಂತ ಗೌರವಿಸಿದ ಯತಿ. 1539ರಲ್ಲಿ ತೀರಿಕೊಂಡರು. ಅವರ ಬೃಂದಾವನ ಆನೆಗೊಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿದೆ, ನವಬೃಂದಾವನ ಅಂತ. ಸಂಸ್ಕೃತದಲ್ಲಿ 'ನ್ಯಾಯಾಮೃತ', 'ತರ್ಕತಾಂಡವ' ಅಂತ ಗಟ್ಟಿ ಗ್ರಂಥಗಳನ್ನು ಬರೆದರು. ದೊಡ್ಡ ದೊಡ್ಡ ಪಂಡಿತರೂ ತಿಣುಕಬೇಕಾದ ಪುಸ್ತಕಗಳು ಅವು. ಅದೇ ಮನುಷ್ಯ ಕನ್ನಡಕ್ಕೆ ಬಂದಾಗ ಕಾಲಿನ ಅಂದುಗೆ, ಗೆಜ್ಜೆ, ಬೆರಳಲ್ಲಿ ಉಂಗುರ, ಕೈಯಲ್ಲಿ ಕೊಳಲು, ಮೈಯಲ್ಲಿ ಗಂಧ ಅಂತ ಮಗುವನ್ನು ಅಲಂಕರಿಸುತ್ತಾ ಹೋಗುತ್ತಾರೆ. ಕೊನೆಗೆ ಅಮ್ಮನಿಗೆ ಬಾಯಲ್ಲಿ ಜಗತ್ತನ್ನೇ ತೋರಿಸಿದವನು ನಮ್ಮ ಉಡುಪಿಯ ಶ್ರೀಕೃಷ್ಣ ಅಂತ ಮುಗಿಸುತ್ತಾರೆ. ಓದಲು ಬಾರದ ಅಜ್ಜಿಗೂ ಅರ್ಥವಾಗುವ ಕನ್ನಡ. ಹೆಚ್ಚುಕಡಿಮೆ ಐದುನೂರು ವರ್ಷದ ಹಿಂದಿನದು, ಆದರೂ ಒಂದೇ ಒಂದು ಸಾಲಿಗೂ ನಿಘಂಟು ಬೇಡ. ಇದು ಸಣ್ಣ ಸಂಗತಿ ಅಲ್ಲ.

ಹಾಗಾದರೆ ಇದು ಕನ್ನಡ ಅನ್ನೋದು ಜನಕ್ಕೆ ಯಾಕೆ ತಪ್ಪಿಹೋಯಿತು? ನನಗನಿಸುವ ಕಾರಣ ಇದು. ಹರಿದಾಸರ ಹಾಡುಗಳು ಕರ್ನಾಟಕ ಸಂಗೀತದ ಕಛೇರಿಗೆ ಯಾವಾಗಲೋ ಹೋಗಿಬಿಟ್ಟಿದ್ದವು. ಗಾಯಕಿ ಎಂ.ಎಲ್. ವಸಂತಕುಮಾರಿ ದಾಸರ ಪದಗಳನ್ನು ಎಷ್ಟು ಪ್ರೀತಿಯಿಂದ ಹಾಡಿದರು ಅಂತ ಹಳೆಯ ಕೇಳುಗರಿಗೆ ಗೊತ್ತು. ಈ ಹಾಡಿಗೆ ಭರತನಾಟ್ಯದ ಬಾಲಸರಸ್ವತಿ ಮಾಡಿದ ಅಭಿನಯ ಜಗತ್ಪ್ರಸಿದ್ಧ. ಸತ್ಯಜಿತ್ ರಾಯ್ 1976ರಲ್ಲಿ ಅವರ ಮೇಲೆ ಮಾಡಿದ 'ಬಾಲಾ' ಸಾಕ್ಷ್ಯಚಿತ್ರದಲ್ಲಿ ಸಮುದ್ರದ ದಂಡೆಯ ಮೇಲೆ ಅವರು ಇದಕ್ಕೇ ನರ್ತಿಸುತ್ತಾರೆ. ಮದರಾಸಿನ ಕಲಾವಿದರು ಈ ಹಾಡನ್ನು ಎದೆಗೆ ಅಪ್ಪಿಕೊಂಡರು, ಕಾಪಾಡಿದರು. ಅದಕ್ಕೆ ನಾವು ಋಣಿಗಳು. ಆದರೆ ಊರೂರು ಸುತ್ತುತ್ತಾ ಹಾಡಿನ ತವರು ಯಾವುದು ಅನ್ನೋದು ಮಸುಕಾಯಿತು. ಕೇಳುವವರಿಗೆ ಅದು ಬರೀ 'ಕರ್ನಾಟಿಕ್' ಆಯಿತು. ಆಲ್ಬಂ ಬಂದಾಗ ನಾನು ಓದಿದ ಇಂಗ್ಲಿಷ್ ಬರಹಗಳಲ್ಲೂ ಫ್ಯೂಶನ್ ಬಗ್ಗೆ ಪುಟಗಟ್ಟಲೆ ಇತ್ತು. ವ್ಯಾಸರಾಯರ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ.

ಪತ್ರಿಕೆಯವರನ್ನು ಬಿಡಿ. ನಾವು ಏನು ಮಾಡಿದೆವು? 90ರ ದಶಕ ಬೆಂಗಳೂರಿನಲ್ಲಿ ಕನ್ನಡದ ಬಗ್ಗೆ ಜೋರಾಗಿ ಮಾತು ನಡೆಯುತ್ತಿದ್ದ ಕಾಲ. ಬೋರ್ಡುಗಳಲ್ಲಿ ಕನ್ನಡ ಬೇಕು ಅಂತ ಕೇಳಿದೆವು, ಅದು ಸರಿಯಾಗೇ ಇತ್ತು. 1996ರ ನವೆಂಬರ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ನಮ್ಮ ಸಂಸ್ಕೃತಿ ಅಂತ ಎಷ್ಟು ಗಲಾಟೆ ಆಯಿತು. ಅದೇ ವರ್ಷ ಒಂದು ಕನ್ನಡ ಹಾಡು ದಿಲ್ಲಿಯ ಹುಡುಗರ ಬಾಯಲ್ಲೂ ಬಂತು. ಅದನ್ನು ಹಿಡಿದು ಸಂಭ್ರಮಪಡಲು ನಮಗೆ ಹೊಳೆಯಲೇ ಇಲ್ಲ. ನನಗೆ ಇದು ನಿಜವಾಗಿಯೂ ನೋವಿನ ವಿಷಯ.

ಸಂಗೀತದ ಹಿರಿಯರ ಆಕ್ಷೇಪಕ್ಕೆ ನನ್ನ ಉತ್ತರ ಸರಳ. ಈ ಹಾಡು ಯಮುನಾ ಕಲ್ಯಾಣಿ ರಾಗದಲ್ಲಿ, ಮಿಶ್ರ ಛಾಪು ತಾಳದಲ್ಲಿ ನಿಧಾನಕ್ಕೆ ಹಾಡುವಾಗ ಕೊಡುವ ಸುಖವೇ ಬೇರೆ. ಒಪ್ಪುತ್ತೇನೆ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಕೂತು ಬೆಳೆದವಳು ನಾನು, ಆ ಸುಖ ಗೊತ್ತು. ಆದರೆ ಹರಿಹರನ್ ದನಿಯನ್ನು ಸರಿಯಾಗಿ ಕೇಳಿ. 'ಬಾರೋ' ಅನ್ನುವಲ್ಲಿ ಅವರು ಸ್ವರವನ್ನು ಎಳೆದು ಬಿಡುವ ರೀತಿಯಲ್ಲಿ ಗಜಲ್‌ನ ಮೃದುತನವೂ ಇದೆ, ಕಛೇರಿಯ ಗಮಕವೂ ಇದೆ. ಕರೆಯುವ ಆಸೆ ಎಲ್ಲೂ ಕಡಿಮೆ ಆಗಿಲ್ಲ. ಲೆಸ್ಲಿ ಅವರ ಗಿಟಾರ್ ಆ ದನಿಯ ಮೇಲೆ ಹತ್ತಿ ಕೂರುವುದಿಲ್ಲ, ಪಕ್ಕದಲ್ಲಿ ನಡೆಯುತ್ತದೆ. ಪಾಪ್ ಹಾಡಿನಲ್ಲಿ ಇಷ್ಟು ಸಂಯಮ ಸಿಗೋದು ಅಪರೂಪ. ಹಾಡು ಕೆಟ್ಟಿಲ್ಲ. ಇನ್ನೊಂದು ದಾರಿಯಲ್ಲಿ ಚೆನ್ನಾಗಿದೆ.

ಏಸು, ರಾಮ, ಅಲ್ಲಾ ಅಂತ ಬಂದ ಇಂಗ್ಲಿಷ್ ಭಾಗದ ಬಗ್ಗೆ ಇದ್ದ ಆಕ್ಷೇಪಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಆ ಸಾಲುಗಳು ಕೃಷ್ಣನನ್ನು ಯಾವ ರೂಪದಲ್ಲಾದರೂ ಬಾ ಅಂತ ಕರೆಯುತ್ತವೆ. ಕಾಲ ನೆನಪು ಮಾಡಿಕೊಳ್ಳಿ. 1992ರ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಬಿತ್ತು. ಅದರ ಹಿಂದೆಯೇ ಬೊಂಬಾಯಿ ಹೊತ್ತಿ ಉರಿಯಿತು. ನಮ್ಮಲ್ಲೂ 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ವಿಷಯಕ್ಕೆ ಗಲಭೆಯಾಗಿ ಬೆಂಗಳೂರಿನ ಬೀದಿಗಳಲ್ಲಿ ಜನ ಸತ್ತರು. ಅಂಥ ದಿನಗಳ ನಂತರ ಒಬ್ಬ ಹಿಂದೂ ಗಾಯಕ, ಒಬ್ಬ ಕ್ರಿಶ್ಚಿಯನ್ ಗಿಟಾರ್ ವಾದಕ ಒಟ್ಟಿಗೆ ನಿಂತು ಇದನ್ನು ಹಾಡಿದರು. ಇದು ಫ್ಯಾಶನ್ನಿಗೆ ಮಾಡಿದ್ದು ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಮೂಲ ಹಾಡು ಬರೆದವರೇ ಇದನ್ನು ಕೇಳಿ ಸಿಟ್ಟಾಗುತ್ತಿದ್ದರು ಅಂತ ಆಗ ಕೆಲವರು ಹೇಳುತ್ತಿದ್ದರು. ವ್ಯಾಸರಾಯರು ಕನಕದಾಸರನ್ನು ಹತ್ತಿರ ಸೇರಿಸಿಕೊಂಡವರು. ಅದಕ್ಕೆ ಮಠದವರೆಲ್ಲ ದೂರಿದರು ಅಂತ ಪುರಂದರದಾಸರೇ ಹಾಡಿದ್ದಾರೆ. ದೂರು ಬಂತು ಅಂತ ಅವರು ಕನಕರನ್ನು ಬಿಡಲಿಲ್ಲ. ಅಂಥವರ ಹೆಸರು ಹೇಳಿಕೊಂಡು ಈ ಹಾಡನ್ನು ಬಯ್ಯಬೇಡಿ, ಇಷ್ಟೇ ನನ್ನ ಕೋರಿಕೆ.

ಆಲ್ಬಂನ ಉಳಿದ ಹಾಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಸ ನಿ ಧ ಪ' ಆಗ ಕಾಲೇಜು ಫೆಸ್ಟ್‌ಗಳಲ್ಲಿ ಎಲ್ಲರ ಬಾಯಲ್ಲೂ ಇತ್ತು. ಸ್ವರ ಹಾಡುವುದು ಹುಡುಗರಿಗೆ ಹೆಮ್ಮೆ ಅನಿಸಿದ್ದು ಅದರಿಂದ, ಸಂಗೀತ ಕ್ಲಾಸಿಗೆ ಹೋಗುತ್ತೇನೆ ಅಂತ ಹೇಳಿಕೊಳ್ಳಲು ನಾಚುತ್ತಿದ್ದ ನನ್ನ ಗೆಳತಿಯರು ಆಗ ಧೈರ್ಯವಾಗಿ ಹಾಡಿದರು. 'ಇಂಡಿಯನ್ ರೇನ್' ನನಗೆ ಇಷ್ಟ. ಇನ್ನು ಕೆಲವು ಹಾಡುಗಳಲ್ಲಿ ಇಂಗ್ಲಿಷ್ ಸಾಲುಗಳು ತೆಳು, ಜಿಂಗಲ್‌ನ ವಾಸನೆ ಹೋಗಿಲ್ಲ. 1998ರಲ್ಲಿ ಬಂದ ಎರಡನೇ ಆಲ್ಬಂ ನನ್ನನ್ನು ಅಷ್ಟು ಹಿಡಿಯಲಿಲ್ಲ. ಲೆಸ್ಲಿ ಮುಂದೆ ಗಾಯಕ ಕೆಕೆ ಅವರ 'ಪಲ್' ಆಲ್ಬಂ ಮಾಡಿದರು, 2011ರಲ್ಲಿ ಟಿವಿಯ ಸಂಗೀತ ಕಾರ್ಯಕ್ರಮ ಕೋಕ್ ಸ್ಟುಡಿಯೋದ ಭಾರತದ ಮೊದಲ ಸೀಸನ್ ನಡೆಸಿದರು. ಬೇರೆ ಬೇರೆ ಕಡೆಯ ಹಾಡುಗಾರರನ್ನು ಒಂದೇ ಕಡೆ ಕೂರಿಸುವ ಆ ಕೆಲಸದ ಬೀಜ ಈ ಮೊದಲ ಆಲ್ಬಂನಲ್ಲೇ ಇತ್ತು.

ಹಾಡು ಯಾರದು, ಯಾವ ಭಾಷೆಯದು ಅಂತ ಗೊತ್ತಾಗುವ ಹಾಗೆ ಹಾಡೋದನ್ನು ನಮ್ಮವರೇ ಸರಿಯಾಗಿ ಮಾಡಿ ತೋರಿಸಿದ್ದೂ ಇದೆ. ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರ 'ಗುಡುಗುಡಿಯ ಸೇದಿ ನೋಡೋ' ಹಾಡಿದರು. ಅದನ್ನು ಹೊರದೇಶದ ವೇದಿಕೆಗಳಿಗೂ ತೆಗೆದುಕೊಂಡು ಹೋದರು. ಅದು ಕನ್ನಡ, ಬರೆದವರು ಷರೀಫರು ಅಂತ ಕೇಳುಗರಿಗೆ ಗೊತ್ತಾಯಿತು. ಹಾಡಿನ ಬಿಸಿ ಇದರಿಂದ ಒಂದು ಚೂರೂ ಕಡಿಮೆ ಆಗಲಿಲ್ಲ, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ಕಾಲೇಜಿನಲ್ಲಿ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ, ಕೋರಮಂಗಲದ ಯಾವುದೋ ಓಪನ್ ಮೈಕ್‌ನಲ್ಲಿ ಗಿಟಾರ್ ಹಿಡಿದು ಈ ಹಾಡು ಹಾಡುವವರು ಶುರುಮಾಡುವ ಮುಂಚೆ ವ್ಯಾಸರಾಯರ ಹೆಸರು ಹೇಳಿ. ಕನ್ನಡ ಹಾಡು ಅಂತಲೂ ಹೇಳಿ. ಪಲ್ಲವಿಗೇ ನಿಲ್ಲಿಸಬೇಡಿ, ಉಡುಪಿಯ ಕೃಷ್ಣ ಬರುವ ಕೊನೆಯ ಚರಣದವರೆಗೂ ಹಾಡಿ. ಪೂರ್ತಿ ಸಾಹಿತ್ಯ ಬೇಕಿದ್ದವರು ಮೆಸೇಜ್ ಮಾಡಿ, ಬರೆದು ಕಳಿಸುತ್ತೇನೆ.