ಚಂದ್ರನ ಚಕ್ಕುಬಂದಿ

ನಮ್ಮ ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಕೊಟ್ಟಿಗೆ ಶಿರಸಿಯಿಂದ ಸ್ವಲ್ಪ ದೂರದಲ್ಲಿ, ಒಂದು ಸೊಪ್ಪಿನ ಬೆಟ್ಟದ ಅಂಚಿನಲ್ಲಿದೆ. ಅದು ಮಾಲ್ಕಿ ಜಾಗದಲ್ಲಿದೆಯೋ ಅರಣ್ಯದಲ್ಲಿದೆಯೋ ಎಂಬುದು ಅವರ ಯೌವನದಲ್ಲಿ ಹುಟ್ಟಿ ಅವರೊಂದಿಗೇ ಮುದಿಯಾಗುತ್ತಿರುವ ಪ್ರಶ್ನೆ. ಅದನ್ನು ಒಮ್ಮೆಗೇ ಬಗೆಹರಿಸಲೆಂದು ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು ಇಬ್ಬರು ಒಂದು ದಿನ ಬಂದರು. ಮತ್ತಿ, ಹೊನ್ನೆ, ಕಿಂದಳ ಮರಗಳ ದಟ್ಟ ನೆರಳಿನಲ್ಲಿ ಯಂತ್ರಕ್ಕೆ ಉಪಗ್ರಹಗಳು ಸಿಗಲಿಲ್ಲ. ಅವರಲ್ಲೊಬ್ಬರು ಕೈಯನ್ನು ನೆತ್ತಿಯ ಮೇಲೆತ್ತಿ ಹಿಡಿದರು, ಗೊಬ್ಬರಗುಂಡಿಯ ದಂಡೆ ಹತ್ತಿ ನಿಂತರು, ಕೊನೆಗೆ ಅಪ್ಪಚ್ಚಿ ತಂದುಕೊಟ್ಟ ಏಣಿಯನ್ನೂ ಏರಿದರು. ಮೂರು ಸಲ ನೋಡಿದಾಗ ಮೂರು ಬಗೆಯ ಅಂಕಿ ಬಂತು: ಮೊದಲನೆಯದರ ಪ್ರಕಾರ ಕೊಟ್ಟಿಗೆ ಪೂರ್ತಿ ಮಾಲ್ಕಿಯಲ್ಲಿತ್ತು, ಎರಡನೆಯದರಲ್ಲಿ ಅರ್ಧ ಕಾಡಿನೊಳಗಿತ್ತು, ಮೂರನೆಯದರಲ್ಲಿ ಅದು ಹೊಳೆ ದಾಟಿ ಆಚೆಯ ಊರಿಗೆ ಹೋಗಿ ನಿಂತಿತ್ತು. ಅವರು ಬರೆದುಕೊಂಡದ್ದು ಎರಡನೆಯದನ್ನು. ಅಂದಿನಿಂದ ಅಪ್ಪಚ್ಚಿಯ ಆಕಳು ಕಾನೂನಿನ ಒಳಗೂ ಎಮ್ಮೆ ಕಾನೂನಿನ ಹೊರಗೂ ಮಲಗುತ್ತಿವೆ.

ಈ ಹಳೆಯ ಕಥೆ ಈಗ ನೆನಪಾಗಲು ಕಾರಣವಿದೆ. 2025ರ ಮಾರ್ಚ್ 2ರಂದು ಅಮೆರಿಕದ ಫೈರ್‌ಫ್ಲೈ ಎಂಬ ಖಾಸಗಿ ಕಂಪನಿಯ ‘ಬ್ಲೂ ಘೋಸ್ಟ್’ ನೌಕೆ ಚಂದ್ರನ ಮೇಲೆ ನೆಟ್ಟಗೆ ಇಳಿಯಿತು. ನಾಸಾ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆ ಸೇರಿ ಅದರಲ್ಲಿ ಕಳುಹಿಸಿದ್ದ ಉಪಕರಣವೊಂದು ಮರುದಿನವೇ, ಸುಮಾರು 3.6 ಲಕ್ಷ ಕಿಲೋಮೀಟರ್ ದೂರದಲ್ಲಿ ಕುಳಿತು, ಭೂಮಿಯ ಸುತ್ತ ತಿರುಗುವ ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿದು ತಾನು ಎಲ್ಲಿದ್ದೇನೆಂಬುದನ್ನು ಲೆಕ್ಕ ಹಾಕಿಕೊಂಡಿತು. ಅವೇ ಉಪಗ್ರಹಗಳು ನಮ್ಮ ಬೆಟ್ಟದ ನೆತ್ತಿಯಿಂದ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಷ್ಟೇ ಇವೆ. ‘ಚಂದ್ರನ ಮೇಲೆ ಮತ್ತಿ ಮರ ಇಲ್ಲವಲ್ಲ, ಅದಕ್ಕೇ ಸಿಕ್ಕಿತು’ ಎಂದು ಅಪ್ಪಚ್ಚಿ ಸಮಾಧಾನಪಟ್ಟರು. ಆ ಇಬ್ಬರ ಬಗ್ಗೆ ಅವರಿಗೆ ಇಂದಿಗೂ ದೂರಿಲ್ಲ.

ಆದರೆ ಚಂದ್ರನ ಮೇಲೆ ಜಾಗ ಗುರುತಿಸುವ ಕೆಲಸ ಶುರುವಾಗಿದೆಯೆಂದರೆ ಅಳತೆಯ ಹಿಂದೆಯೇ ಬೇಲಿ ಬರುತ್ತದೆ, ಬೇಲಿಯ ಹಿಂದೆಯೇ ತಕರಾರು ಬರುತ್ತದೆ. ಈ ವಿಷಯದಲ್ಲಿ ಉತ್ತರ ಕನ್ನಡದವರಷ್ಟು ಪಳಗಿದವರು ಲೋಕದಲ್ಲಿ ಇನ್ನಾರೂ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಆದರೂ ಬಾಹ್ಯಾಕಾಶ ಕಾನೂನಿನ ಯಾವ ಸಭೆಗೂ ನಮ್ಮ ಜಿಲ್ಲೆಯಿಂದ ಒಬ್ಬರನ್ನೂ ಕರೆದಿಲ್ಲ. ಕರೆದಿದ್ದರೆ ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಬರೆದದ್ದನ್ನು ನಾವು ಒಂದು ಕವಳ ಹಾಕಿ ಮುಗಿಸುವಷ್ಟರಲ್ಲಿ ಹೇಳಿಕೊಡುತ್ತಿದ್ದೆವು.

ಹೇಗೆಂದರೆ, ಸೊಪ್ಪಿನ ಬೆಟ್ಟವೆಂಬ ವ್ಯವಸ್ಥೆಯನ್ನೇ ನೋಡಿ. ಘಟ್ಟದ ಮೇಲಿನ ಅಡಿಕೆ ತೋಟಕ್ಕೆ, ಎಕರೆಗೆ ಹೆಚ್ಚೆಂದರೆ 9 ಎಕರೆಯಂತೆ, ಬ್ರಿಟಿಷರ ಕಾಲದಿಂದಲೂ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಕರಡ ಕೊಯ್ಯಬಹುದು; ಆದರೆ ನೆಲ ನಮ್ಮದಲ್ಲ, ಮರ ನಮ್ಮದಲ್ಲ, ಕಡಿದ ಸೊಪ್ಪನ್ನು ತೋಟಕ್ಕೆ ಹಾಕಬೇಕೇ ಹೊರತು ಮಾರುವಂತಿಲ್ಲ. ಪಹಣಿ ತೆಗೆದು ನೋಡಿದರೆ ‘ಬ’ ಖರಾಬು, ಅಂದರೆ ಸಾಗುವಳಿಗಲ್ಲದ ಸಾರ್ವಜನಿಕ ಜಾಗ, ಎಂದಿರುತ್ತದೆ. ಒಟ್ಟಿನಲ್ಲಿ ನಮ್ಮ ಬೆಟ್ಟ ನಮ್ಮದೂ ಹೌದು, ನಮ್ಮದಲ್ಲದ್ದೂ ಹೌದು. ಇದನ್ನು ಅರ್ಥ ಮಾಡಿಕೊಳ್ಳಲು ವೇದಾಂತ ಓದಿರಬೇಕು, ಇಲ್ಲವೇ ಶಿರಸಿ ಸೀಮೆಯಲ್ಲಿ ಹುಟ್ಟಿರಬೇಕು.

1967ರ ಬಾಹ್ಯಾಕಾಶ ಒಪ್ಪಂದವೂ ಶುರುವಿನಲ್ಲಿ ಇಂಥದೇ ಬೆಟ್ಟವಾಗಿತ್ತು. ಬಾಹ್ಯಾಕಾಶದ ಅನ್ವೇಷಣೆ ಮತ್ತು ಬಳಕೆ ಸಮಸ್ತ ಮನುಕುಲಕ್ಕೆ ಸೇರಿದ್ದು ಎಂದು ಅದರ ಮೊದಲ ವಿಧಿ ಹೇಳುತ್ತದೆ. ಚಂದ್ರನನ್ನಾಗಲಿ ಬೇರೆ ಆಕಾಶಕಾಯವನ್ನಾಗಲಿ ಯಾವ ದೇಶವೂ ಒಡೆತನ ಸಾರಿ, ಬಳಸಿ, ಆಕ್ರಮಿಸಿ ಅಥವಾ ಇನ್ನಾವ ದಾರಿಯಿಂದಲೂ ತನ್ನದಾಗಿಸಿಕೊಳ್ಳುವಂತಿಲ್ಲ ಎಂದು ಎರಡನೆಯ ವಿಧಿ ಹೇಳುತ್ತದೆ. ಇಷ್ಟು ಸ್ಪಷ್ಟವಾದ ವಾಕ್ಯದಲ್ಲಿ ಸಂದಿ ಹುಡುಕಲು ನಮ್ಮ ವಕೀಲರಿಗಾದರೆ ಎರಡು ವಾಯಿದೆ ಸಾಕಾಗುತ್ತಿತ್ತು. ಅಮೆರಿಕದವರಿಗೆ 48 ವರ್ಷ ಹಿಡಿಯಿತು. 2015ರ ನವೆಂಬರಿನಲ್ಲಿ ಅವರು ಮಾಡಿದ ಕಾಯ್ದೆಯ ತಾತ್ಪರ್ಯವಿಷ್ಟೇ: ಚಂದ್ರ ನಮ್ಮದಲ್ಲ, ಆದರೆ ನಮ್ಮ ಪ್ರಜೆಯೊಬ್ಬ ಅಲ್ಲಿಂದ ಅಗೆದು ತೆಗೆದದ್ದೆಲ್ಲ ಅವನದು; ಇಟ್ಟುಕೊಳ್ಳಬಹುದು, ಸಾಗಿಸಬಹುದು, ಮಾರಬಹುದು. ನೆಲ ಸರ್ಕಾರದ್ದು, ಸೊಪ್ಪು ನನ್ನದು ಎಂಬ ನಮ್ಮ ಅಜ್ಜಂದಿರ ಮಾತನ್ನೇ ಅವರು ಎತ್ತಿಕೊಂಡಿದ್ದಾರೆ, ಮಾರುವಂತಿಲ್ಲ ಎಂಬ ಬಾಲವನ್ನು ಮಾತ್ರ ಕತ್ತರಿಸಿದ್ದಾರೆ.

ಎರಡು ವರ್ಷದಲ್ಲಿ ಲಕ್ಸೆಂಬರ್ಗ್ ಕೂಡ ಇಂಥದೇ ಕಾಯ್ದೆ ಮಾಡಿತು. ನಮ್ಮ ಜಿಲ್ಲೆಯ ಕಾಲು ಭಾಗದಷ್ಟಿರುವ ಆ ದೇಶಕ್ಕೆ ಕ್ಷುದ್ರಗ್ರಹಗಳನ್ನು ಅಗೆಯುವ ಉಮೇದು ಬಂದಾಗ ಯಾರೂ ನಗಲಿಲ್ಲ. ನಾವೂ ಹಿಂದೆ ಬೀಳಲಿಲ್ಲ. ಭಾರತೀಯ ಬಾಹ್ಯಾಕಾಶ ನೀತಿ 2023ರ ಪ್ರಕಾರ ನಮ್ಮ ಖಾಸಗಿ ಸಂಸ್ಥೆಗಳು ಕ್ಷುದ್ರಗ್ರಹದ ಸಂಪತ್ತನ್ನು ಹೊರತೆಗೆಯಬಹುದು. ತೆಗೆದದ್ದನ್ನು ಹೊಂದುವ, ಸಾಗಿಸುವ, ಮಾರುವ ಹಕ್ಕು ಅವುಗಳಿಗಿದೆ. ಅಂತರರಾಷ್ಟ್ರೀಯ ಬಾಧ್ಯತೆಗಳಿಗೆ ಒಳಪಟ್ಟು ಎಂಬ ಷರತ್ತನ್ನೂ ಹಾಕಿದ್ದಾರೆನ್ನಿ. ಇದನ್ನು ಓದಿದ ದಿನ ನಾನು ಅಪ್ಪಚ್ಚಿಗೆ, ಮನೆಯ ಹಿಂದಿನ ಬೆಟ್ಟದಿಂದ ಬಿದ್ದ ಮರದ ಒಂದು ತುಂಡು ತರುವುದಕ್ಕಿಂತ ಕ್ಷುದ್ರಗ್ರಹದಿಂದ ಒಂದು ಗಾಡಿ ಕಬ್ಬಿಣ ತರುವುದು ಕಾನೂನಿನ ಪ್ರಕಾರ ಸುಲಭವೆಂದು ತಿಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ದಾರಿಯಲ್ಲಿ ಚೆಕ್‌ಪೋಸ್ಟ್ ಇಲ್ಲವಾ ತಮಾ?’

ಕಾಯ್ದೆಯಾದ ಮೇಲೆ ವ್ಯಾಪಾರವಾಗಬೇಕಲ್ಲ. ಈ ಭಾಗವನ್ನು ಮಾತ್ರ ಓದುಗರು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ. 2020ರ ಡಿಸೆಂಬರ್ 3ರಂದು ನಾಸಾ ಚಂದ್ರನ ಧೂಳು ಕೊಳ್ಳಲು ನಾಲ್ಕು ಗುತ್ತಿಗೆಗಳನ್ನು ಪ್ರಕಟಿಸಿತು. ಕಂಪನಿಯವರು ತಮ್ಮ ಖರ್ಚಿನಲ್ಲೇ ಚಂದ್ರನಿಗೆ ಹೋಗಿ, 50ರಿಂದ 500 ಗ್ರಾಂ ಧೂಳನ್ನು ಒಟ್ಟುಮಾಡಿ, ಅದರ ಫೋಟೋ ತೆಗೆದು ಕಳುಹಿಸಬೇಕು. ಧೂಳನ್ನು ತರಬೇಕಾಗಿಲ್ಲ, ಇದ್ದಲ್ಲೇ ಅದರ ಒಡೆತನ ನಾಸಾಕ್ಕೆ ವರ್ಗವಾಗುತ್ತದೆ. ನಾಲ್ಕೂ ಗುತ್ತಿಗೆಗಳ ಒಟ್ಟು ಮೊತ್ತ 25,001 ಡಾಲರ್. ಕೊನೆಯ ಆ ಒಂದು ಡಾಲರ್ ಇದೆಯಲ್ಲ, ಅದು ಲೂನಾರ್ ಔಟ್‌ಪೋಸ್ಟ್ ಎಂಬ ಕಂಪನಿಯ ಪೂರ್ತಿ ದರ. ಗುತ್ತಿಗೆಯ ನಿಯಮದಂತೆ ಶೇಕಡಾ 10ರಷ್ಟು ಮುಂಗಡ ಸಿಗಬೇಕಾದ್ದರಿಂದ ಆ ಕಂಪನಿಗೆ ಸಂದ ಮೊದಲ ಹಣ 10 ಸೆಂಟ್. ಮಾಲು ಬೇಕಾಗಿರಲಿಲ್ಲ, ದುಡ್ಡೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಚಂದ್ರನ ಮೇಲೆ ಒಂದು ಕೊಡುಕೊಳ್ಳುವಿಕೆ ನಡೆಯಿತೆಂಬ ದಾಖಲೆ. ವ್ಯಾಪಾರವಾಗಿದೆಯೆಂದರೆ ಮಾರಿದವನದ್ದೇ ಮಾಲು ಎಂದಾಯಿತಲ್ಲ!

ಈ ಉಪಾಯ ನಮಗೆ ಹೊಸದಲ್ಲ. ಕಂದಾಯ ಕಟ್ಟಿದ ಒಂದು ರಸೀದಿ ಕೈಗೆ ಬಂದರೆ ಜಾಗ ನಮ್ಮದೆಂದು ವಾದಿಸಬಹುದೆಂಬ ಆಸೆಯಿಂದ ಕೇಳದಿದ್ದರೂ ಹೋಗಿ ತೆರಿಗೆ ಕಟ್ಟಿಬರುವ ಹಿರಿಯರನ್ನು ನಾನು ಕಂಡಿದ್ದೇನೆ. ಆದರೆ ಚಂದ್ರನ ವ್ಯಾಪಾರ ಇನ್ನೂ ಕುದುರಿಲ್ಲ. ನಾಲ್ವರಲ್ಲಿ ಮ್ಯಾಸ್ಟನ್ ಎಂಬ ಕಂಪನಿ 2022ರಲ್ಲಿ ದಿವಾಳಿಯಾಯಿತು. ಜಪಾನಿನ ಐಸ್ಪೇಸ್ ಕಂಪನಿಯ ನೌಕೆಗಳು 2023ರ ಏಪ್ರಿಲಿನಲ್ಲೊಮ್ಮೆ, 2025ರ ಜೂನಿನಲ್ಲೊಮ್ಮೆ ಚಂದ್ರನಿಗೆ ಅಪ್ಪಳಿಸಿ ಪುಡಿಯಾದವು. ಆ ಒಂದು ಡಾಲರಿನ ಕಂಪನಿಯ ರೋವರನ್ನು ಹೊತ್ತ ‘ಅಥೀನಾ’ ನೌಕೆ 2025ರ ಮಾರ್ಚ್ 6ರಂದು ಚಂದ್ರನ ದಕ್ಷಿಣ ಧ್ರುವದ ಬಳಿ ಒಂದು ಗುಂಡಿಯೊಳಗೆ ಮಗ್ಗುಲಾಗಿ ಬಿತ್ತು. ರೋವರ್ ಹೊರಬರಲಾಗದೆ ಅದರ ಹೊಟ್ಟೆಯೊಳಗೇ ಉಳಿಯಿತು. ಈ ನಾಲ್ವರ ಹೊರಗಿನ ಇನ್ನೊಬ್ಬರದಂತೂ ಇನ್ನೂ ಅಗೆಯದ ಮಾಲಿನ ವ್ಯಾಪಾರ: ಅಮೆರಿಕದ ಇಂಧನ ಇಲಾಖೆಯು ಇಂಟರ್‌ಲೂನ್ ಕಂಪನಿಯಿಂದ ಚಂದ್ರನ ಹೀಲಿಯಂ-3 ಅನಿಲವನ್ನು 2029ರೊಳಗೆ 3 ಲೀಟರ್ ಕೊಳ್ಳಲು ಒಪ್ಪಿದೆ. ಮರದ ಮೇಲಿನ ಅಡಿಕೆ ಕೊನೆ ನೋಡಿ ಫಸಲು ಗುತ್ತಿಗೆ ಮಾತಾಡುವುದು ನಮ್ಮಲ್ಲಿಯೂ ಉಂಟು. ಆದರೆ ನಾವು ಮಾತಾಡುವ ಮೊದಲು ಮರದ ಬುಡಕ್ಕಾದರೂ ಹೋಗಿ ನಿಲ್ಲುತ್ತೇವೆ.

ಇನ್ನು ಬೇಲಿಯ ವಿಷಯ. 2020ರ ಅಕ್ಟೋಬರಿನಲ್ಲಿ ಎಂಟು ದೇಶಗಳಿಂದ ಆರಂಭವಾದ, 2023ರ ಜೂನ್ 21ರಂದು ಭಾರತವೂ ಸಹಿ ಹಾಕಿದ, ಚಂದ್ರನ ಮೇಲೆ ದೇಶಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಆರ್ಟೆಮಿಸ್ ಒಪ್ಪಂದದಲ್ಲಿ ‘ಸುರಕ್ಷತಾ ವಲಯ’ ಎಂಬ ಮಾತು ಬರುತ್ತದೆ. ಒಬ್ಬರು ಕೆಲಸ ಮಾಡುತ್ತಿರುವಲ್ಲಿ ಇನ್ನೊಬ್ಬರಿಂದ ತೊಂದರೆಯಾಗದಿರಲೆಂದು ಸುತ್ತ ಒಂದಿಷ್ಟು ಜಾಗವನ್ನು ಗುರುತಿಸಿ, ಎಲ್ಲರಿಗೂ ತಿಳಿಸಿ, ಕೆಲಸ ಮುಗಿದ ಮೇಲೆ ತೆಗೆಯುವುದು ಎಂದು ಅದರ ವಿವರಣೆ. ಕೇಳಲು ಬಹಳ ಸಭ್ಯವಾಗಿದೆ. ಇದನ್ನೇ ನಮ್ಮಲ್ಲಿ ಒಬ್ಬ ಬಡವ ನಾಲ್ಕು ಗೂಟ ನೆಟ್ಟು, ಮುಳ್ಳುತಂತಿ ಎಳೆದು ಮಾಡಿದರೆ ಅದರ ಹೆಸರು ಅತಿಕ್ರಮಣ, ಅದಕ್ಕೊಂದು ಮಹಜರು, ಆಮೇಲೊಂದು ಕೇಸು. ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ಮೇಲಕ್ಕೆ ಹೋದರೆ ಗೂಟದ ಹೆಸರೇ ಬದಲಾಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

2025ರ ಆಗಸ್ಟಿನಲ್ಲಿ ನಾಸಾದ ಅಂದಿನ ಹಂಗಾಮಿ ಮುಖ್ಯಸ್ಥ ಶಾನ್ ಡಫಿ ಅವರು 2030ರೊಳಗೆ ಚಂದ್ರನಿಗೆ ಕಳುಹಿಸಲು 100 ಕಿಲೋವ್ಯಾಟ್‌ನ ಅಣು ರಿಯಾಕ್ಟರ್ ಸಿದ್ಧವಾಗಬೇಕೆಂದು ಆದೇಶಿಸಿದಾಗ, ಮೊದಲು ಅಲ್ಲಿಗೆ ಹೋಗಿ ರಿಯಾಕ್ಟರ್ ಇಟ್ಟವರು ಸುತ್ತಲೂ ‘ಬರಬೇಡಿ’ ಎಂಬ ವಲಯ ಸಾರಿಬಿಡಬಹುದೆಂಬ ಆತಂಕವನ್ನೂ ಅದರಲ್ಲಿ ಬರೆದಿದ್ದರು. ಅವರ ಕಣ್ಣು ಇದ್ದದ್ದು ಚೀನಾ ಮತ್ತು ರಷ್ಯಾಗಳ ಮೇಲೆ. ಈ ಆತಂಕಕ್ಕೆ ಕಾರವಾರ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಅಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಅಂದರೆ ಚಂದ್ರನಿಗೆ ಹೋಗಲಿರುವ ರಿಯಾಕ್ಟರಿನ 8,800 ಪಟ್ಟು. ಅದಕ್ಕೆ ತಕ್ಕ ಬೇಲಿಯೂ ಇದೆ, ಬೇಲಿಗಾಗಿ ಊರು ಬಿಟ್ಟವರೂ ಇದ್ದಾರೆ. ಕರಾವಳಿಗೆ ಇಳಿದರೆ ಸೀಬರ್ಡ್ ನೌಕಾನೆಲೆ ಇದೆ. 1986ರಲ್ಲಿ ಅಡಿಗಲ್ಲು ಬಿದ್ದ ಆ ಯೋಜನೆಗೆ ಜಾಗ ಕೊಟ್ಟು ಎದ್ದ ಕುಟುಂಬಗಳ ಮಕ್ಕಳು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ, ಪರಿಹಾರದ ಮಾತು ಇನ್ನೂ ಬಾಯಿಂದ ಹೋಗಿಲ್ಲ. ಕೆಲಸ ಮುಗಿದ ಮೇಲೆ ಬೇಲಿ ತೆಗೆಯುತ್ತಾರೆಂಬ ಆರ್ಟೆಮಿಸ್ ಷರತ್ತನ್ನು ಅವರೆದುರು ಓದಿ ಹೇಳುವ ಧೈರ್ಯ ನನಗಿಲ್ಲ.

ಹಕ್ಕಿನ ಪ್ರಶ್ನೆಯನ್ನು ಕಾನೂನಿನಂತೆಯೇ ಬಗೆಹರಿಸುವುದಾದರೆ ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಚಂದ್ರನಿಗೂ ವಿಸ್ತರಿಸಬೇಕೆಂಬುದು ನನ್ನ ನಮ್ರ ಸಲಹೆ. ಅದರಂತೆ ಬುಡಕಟ್ಟಿನವರಲ್ಲದ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಈ ಒಂದು ಸಾಲಿಗೆ ಬಲಿಯಾಗಿ ನಮ್ಮ ಜಿಲ್ಲೆಯ ಸಾವಿರಾರು ಅರ್ಜಿಗಳು ತಿರಸ್ಕೃತವಾಗಿವೆ, ಅಮೆರಿಕದ್ದು ಉಳಿಯುವುದುಂಟೇ? ಅವರ ಮೊದಲ ಮನುಷ್ಯ ಕಾಲಿಟ್ಟದ್ದು 1969ರಲ್ಲಿ, ಕೊನೆಯವನು ಎದ್ದು ಬಂದದ್ದು 1972ರ ಡಿಸೆಂಬರಿನಲ್ಲಿ. ಆ ಕೊನೆಯ ಅಪೊಲೊ 17ರ ಇಬ್ಬರು ಚಂದ್ರನ ಮೇಲೆ ಇದ್ದದ್ದು, ದಾಖಲೆಯ ಪ್ರಕಾರವೇ, 75 ಗಂಟೆ. ಕಾಯ್ದೆ ಕೇಳುವ ಅಂಕಿಗೂ ಅವರ ಬಳಿಯಿರುವ ಅಂಕಿಗೂ ವ್ಯತ್ಯಾಸವಿಲ್ಲ, ವರ್ಷಕ್ಕೂ ಗಂಟೆಗೂ ಇರುವ ವ್ಯತ್ಯಾಸವಷ್ಟೇ. ಉಪವಿಭಾಗ ಮಟ್ಟದ ಸಮಿತಿ ಇದನ್ನು ಎರಡು ನಿಮಿಷದಲ್ಲಿ ವಾಪಸು ಕಳುಹಿಸುತ್ತದೆ. ಅರ್ಹ ಅರ್ಜಿದಾರನೆಂದರೆ ಚಂದ್ರನೊಳಗಿನ ಮೊಲ ಒಂದೇ. ಅದರ ವಾಸಕ್ಕೆ ಲಿಖಿತ ದಾಖಲೆ ಇಲ್ಲದಿದ್ದರೂ ಹಿರಿಯರ ಹೇಳಿಕೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನಿಯಮದಲ್ಲಿ ಅವಕಾಶವಿದೆ, ಮತ್ತು ಮೊಲವನ್ನು ನೋಡಿದ್ದೇವೆಂದು ಹೇಳದ ಹಿರಿಯರು ನಮ್ಮಲ್ಲಿ ಒಬ್ಬರೂ ಇಲ್ಲ.

ಇಷ್ಟೆಲ್ಲ ಕಾಯ್ದೆ ಕಟ್ಟಳೆಗಳ ನಡುವೆ ಅಮೆರಿಕದ ಒಬ್ಬ ಮಹಾನುಭಾವ 1980ರಿಂದ ಚಂದ್ರನ ಮೇಲಿನ ಎಕರೆಗಳನ್ನು ಆರಾಮವಾಗಿ ಮಾರುತ್ತ ಬಂದಿದ್ದಾನೆ. ಒಪ್ಪಂದ ದೇಶಗಳಿಗೆ ಬೇಡವೆಂದಿದೆ, ವ್ಯಕ್ತಿಗಳಿಗೆ ಬೇಡವೆಂದಿಲ್ಲ ಎಂಬುದು ಅವನ ವಾದ. ವಿಶ್ವಸಂಸ್ಥೆಗೆ ಪತ್ರ ಬರೆದು ಚಂದ್ರ ತನ್ನದೆಂದು ತಿಳಿಸಿದೆ, ಉತ್ತರ ಬರಲಿಲ್ಲ, ಆದ್ದರಿಂದ ಅವರ ಒಪ್ಪಿಗೆಯಿದೆ ಎನ್ನುತ್ತಾನೆ. ಕಚೇರಿಯಿಂದ ಉತ್ತರ ಬಾರದಿರುವುದೇ ಒಪ್ಪಿಗೆಯಾಗಿದ್ದರೆ ಉತ್ತರ ಕನ್ನಡದಲ್ಲಿ ಇಂದು ಒಂದು ಗುಂಟೆಯೂ ಅರಣ್ಯ ಉಳಿಯುತ್ತಿರಲಿಲ್ಲ.

ಚಂದ್ರಯಾನ-3 ಇಳಿದ ಸಂಭ್ರಮದಲ್ಲಿ ಅಪ್ಪಚ್ಚಿಯ ಬೆಂಗಳೂರಿನ ಅಳಿಯ ಅಂಥದೊಂದು ಎಕರೆಯನ್ನು ಮಾವನ ಹೆಸರಿನಲ್ಲಿ ಕೊಂಡು ದೀಪಾವಳಿಗೆ ತಂದುಕೊಟ್ಟ. ದಪ್ಪ ಕಾಗದ, ಬಂಗಾರದ ಬಣ್ಣದ ಮೊಹರು, ಅಕ್ಷಾಂಶ ರೇಖಾಂಶ, ಮೂಲೆಯಲ್ಲಿ ಚಂದ್ರನ ನಕಾಶೆ. ಮೇಲೆ ಲ್ಯಾಮಿನೇಷನ್ ಬೇರೆ. ಅಪ್ಪಚ್ಚಿ ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಹಿಡಿದು ಎರಡೂ ಬದಿ ಓದಿಸಿಕೊಂಡರು. ‘ಎಲ್ಲಾ ಸರಿ, ಚಕ್ಕುಬಂದಿ ಎಲ್ಲಿದೆ? ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾರದ್ದು, ನೀರಿನ ದಾರಿ ಯಾವುದು?’ ಎಂದು ಕೇಳಿದಾಗ ಅಳಿಯ ಮೊಬೈಲು ಹೊರತೆಗೆದ. ಅದಕ್ಕೆ ಸಿಗ್ನಲ್ ಇರಲಿಲ್ಲ.

ಆ ಕಾಗದ ಈಗ ಕಬ್ಬಿಣದ ಟ್ರಂಕಿನಲ್ಲಿ, ಕೊಟ್ಟಿಗೆಯ ಅರ್ಜಿಗೆ ಬಂದ ನಾಲ್ಕು ಹಿಂಬರಹಗಳ ಜೊತೆ ಒಂದೇ ಫೈಲಿನಲ್ಲಿದೆ. ಹಿಂಬರಹಗಳ ಮಸಿ ಮಾಸಿದೆ, ಒಂದನ್ನು ಗೆದ್ದಲು ತಿಂದಿದೆ. ಮುಂದಿನ ವಿಚಾರಣೆಗೆ ಚಂದ್ರನ ಕಾಗದವನ್ನೂ ಒಯ್ಯುವುದಾಗಿ ಅಪ್ಪಚ್ಚಿ ಹೇಳುತ್ತಿದ್ದಾರೆ; ತಮ್ಮ ಬಳಿ ಇರುವುದರಲ್ಲಿ ಮೊಹರು ಸರಿಯಾಗಿ ಬಿದ್ದಿರುವುದು ಅದೊಂದರ ಮೇಲೆಯೇ ಅಂತೆ.